ಬೆಟ್ಟ, ಕೆರೆ, ಕೃಷಿ ಹೊಂಡ: ಊರಿನ ರಕ್ಷಣಾ ತಂಡಕ್ಕೆ ಯಾವ ತರಬೇತಿ ಆರಿಸಬೇಕು?

ಮೂರು ವರ್ಷದ ಹಿಂದಿನ ಮಾತು. ಮಧುಗಿರಿ ಬೆಟ್ಟ ಹತ್ತಿದ ಇಬ್ಬರು ಹುಡುಗರು ಇನ್ನೂ ಇಳಿದಿಲ್ಲ ಅಂತ ಸಂಜೆ ಏಳು ಗಂಟೆಗೆ ಫೋನ್ ಬಂತು. ಅರ್ಧ ಗಂಟೆಯಲ್ಲಿ ನಲವತ್ತು ಜನ ಸೇರಿದೆವು. ಕೈಯಲ್ಲಿ ಮೊಬೈಲ್ ಟಾರ್ಚು, ಕಾಲಲ್ಲಿ ಚಪ್ಪಲಿ. ಯಾರು ಯಾವ ಕಡೆ ಹೋದರು ಅಂತ ಯಾರೂ ಬರೆದಿಡಲಿಲ್ಲ. ಒಂಬತ್ತೂವರೆಗೆ ವಿಷಯ ಗೊತ್ತಾಯಿತು. ಆ ಹುಡುಗರು ಆರಕ್ಕೇ ಇಳಿದು, ಬಸ್ ಸ್ಟ್ಯಾಂಡ್ ಹತ್ತಿರ ದೋಸೆ ತಿಂದು, ತುಮಕೂರಿನ ಬಸ್ಸು ಹತ್ತಿದ್ದರು. ಫೋನಿನಲ್ಲಿ ಚಾರ್ಜ್ ಇರಲಿಲ್ಲ, ಅಷ್ಟೆ. ಆದರೆ ಹುಡುಕಲು ಹೋದ ನಮ್ಮವರಲ್ಲೇ ಇಬ್ಬರು ವಾಪಸ್ ಬಂದಿರಲಿಲ್ಲ! ಅವರನ್ನು ಹುಡುಕಿ ಕೆಳಗಿಳಿಸುವ ಹೊತ್ತಿಗೆ ರಾತ್ರಿ ಒಂದೂವರೆ. ಒಬ್ಬನ ಕಾಲು ಉಳುಕಿತ್ತು.

ಮಾರನೇ ದಿನ ಟೀ ಅಂಗಡಿಯಲ್ಲಿ ಜಗಳ ಶುರುವಾಯಿತು. ‘ಸರ್ಕಾರದ ಹನ್ನೆರಡು ದಿನದ ತರಬೇತಿ ತಗೊಳ್ಳೋಣ’ ಅಂತ ಒಬ್ಬರು. ‘ಹಿಮಾಲಯಕ್ಕೆ ಹೋಗಿ ಕಲಿತು ಬರಬೇಕು’ ಅಂತ ಇನ್ನೊಬ್ಬ. ‘ಹುಟ್ಟಿದಾಗಿನಿಂದ ನೋಡಿದ ಬೆಟ್ಟ, ನಮಗೆ ಯಾರು ಕಲಿಸೋದು?’ ಅಂತ ಮೂರನೆಯವನು. ಈ ಜಗಳ ನಿಮ್ಮೂರಲ್ಲೂ ನಡೆಯಬಹುದು. ಅದಕ್ಕೇ ನಾವು ನೋಡಿದ ದಾರಿಗಳನ್ನು ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಮೂರನೆಯವನಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. 1985ರಲ್ಲಿ ಮೆಕ್ಸಿಕೊ ನಗರದಲ್ಲಿ ದೊಡ್ಡ ಭೂಕಂಪ ಆಯಿತು. ತರಬೇತಿಯೇ ಇಲ್ಲದ ಊರಿನ ಜನ ಅವಶೇಷಗಳಿಗೆ ನುಗ್ಗಿ 800ಕ್ಕೂ ಹೆಚ್ಚು ಜನರನ್ನು ಉಳಿಸಿದರು. ಹಾಗೆ ಉಳಿಸಲು ಹೋದವರಲ್ಲಿ 100ಕ್ಕೂ ಹೆಚ್ಚು ಜನ ಸತ್ತರು. ಅಮೆರಿಕದ ಸಿಇಆರ್‌ಟಿ ಎಂಬ ಊರವರ ತರಬೇತಿಯಲ್ಲಿ ಇದನ್ನು ಪಾಠವಾಗಿಯೇ ಹೇಳುತ್ತಾರೆ. ಧೈರ್ಯಕ್ಕೆ ನಮ್ಮಲ್ಲೂ ಕೊರತೆ ಇಲ್ಲ. ಕೊರತೆ ಬೇರೆ ಕಡೆ ಇದೆ.

ನಮ್ಮ ಕಡೆ ಆಗುವುದೇನು?

ತರಬೇತಿ ಆರಿಸುವ ಮೊದಲು ನಿಮ್ಮ ತಾಲ್ಲೂಕಿನಲ್ಲಿ ಎಂಥ ಕರೆ ಬರುತ್ತದೆ ಅಂತ ಕೂತು ಬರೆಯಿರಿ. ಮಧುಗಿರಿಯದು ಏಕಶಿಲೆ. ಮಳೆ ಬಿದ್ದ ಬಂಡೆಯ ಮೇಲೆ ಇಳಿಯುವಾಗಲೇ ಜನ ಜಾರುವುದು ಜಾಸ್ತಿ. ಕೊರಟಗೆರೆಯ ಸಿದ್ಧರ ಬೆಟ್ಟದಲ್ಲಿ ಗವಿ, ಬಂಡೆಗಳ ಸಂದು. ದೇವರಾಯನದುರ್ಗದಲ್ಲಿ ಕಾಡು, ಕರಡಿ, ಚಿರತೆ. ಎಲ್ಲ ಕಡೆಯೂ ಹೆಜ್ಜೇನು.

ಆಮೇಲೆ ನೀರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಎಷ್ಟೋ ವರ್ಷ ಕೆರೆಗಳು ಒಣಗಿ ಬಿದ್ದಿದ್ದವು. ಆ ಕಾಲದಲ್ಲಿ ಬೆಳೆದ ಮಕ್ಕಳಿಗೆ ಈಜು ಬರುವುದಿಲ್ಲ. ಈಗ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆಗೆ ತುಂಬಿಸುತ್ತಾರೆ: ಕೋಲಾರದ ಕಡೆ ಕೆ.ಸಿ. ವ್ಯಾಲಿ ನೀರು, ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿ ನೀರು ಬಂದಿದೆ. ಒಳ್ಳೆ ಮಳೆಯಾದ ವರ್ಷ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಕೃಷಿ ಹೊಂಡದ ಕಥೆಯೇ ಬೇರೆ. ಅದಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟು ಪಾಚಿ ಕಟ್ಟಿ ಜಾರುತ್ತದೆ. ಬಿದ್ದ ಮಗು ಹತ್ತಲಾರದು, ಉಳಿಸಲು ಇಳಿದ ಅಪ್ಪನೂ ಹತ್ತಲಾರ.

ಎರಡು ಘಟನೆ ನೆನಪು ಮಾಡಿಕೊಳ್ಳಿ. 2022ರ ಫೆಬ್ರವರಿಯಲ್ಲಿ ನಂದಿ ಬೆಟ್ಟದ ಪಕ್ಕದ ಬ್ರಹ್ಮಗಿರಿಯಲ್ಲಿ 19 ವರ್ಷದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಜಾರಿ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ಯಲಹಂಕದಿಂದ ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ತುಮಕೂರಿನ ಮಂದರಗಿರಿ ಹತ್ತಿರ ಮೈದಾಳ ಕೆರೆಯ ಕೋಡಿ ನೀರಲ್ಲಿ ಜಾರಿದ ಹುಡುಗಿಯೊಬ್ಬಳು ರಾತ್ರಿಯಿಡೀ ಬಂಡೆಗಳ ಸಂದಿನಲ್ಲಿದ್ದಳು. ಮಾರನೇ ದಿನ ಮರಳಿನ ಚೀಲ ಇಟ್ಟು ನೀರು ತಿರುಗಿಸಿ ಅಗ್ನಿಶಾಮಕದವರು, ಪೊಲೀಸರು ಹೊರತೆಗೆದರು.

ಇವೆರಡರಲ್ಲೂ ಕೊನೆಯ ಎತ್ತುವ ಕೆಲಸ ನಮ್ಮಂಥವರದ್ದಲ್ಲ. ಆದರೆ ಜಾಗ ಗುರುತಿಸುವುದು, ಜನ ನುಗ್ಗದಂತೆ ತಡೆಯುವುದು, ಚೀಲ ಹೊರುವುದು, ಧೈರ್ಯ ಹೇಳುತ್ತಾ ಕೂರುವುದು, ಸ್ಟ್ರೆಚರ್ ಹೊರುವುದು, ಇಷ್ಟು ಖಂಡಿತ ನಮ್ಮದು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ತರಬೇತಿ ಆರಿಸುವುದು ಅರ್ಧ ಸುಲಭ.

ಎದುರಿಗಿರುವ ದಾರಿಗಳು

ಆಪದ ಮಿತ್ರ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಯೋಜನೆ. 2016ರಲ್ಲಿ 30 ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾಯಿತು, ಆಮೇಲೆ 350 ಜಿಲ್ಲೆ, 1 ಲಕ್ಷ ಸ್ವಯಂಸೇವಕರು ಅಂತ ದೊಡ್ಡದಾಯಿತು. 18ರಿಂದ 40 ವರ್ಷದವರು, ಏಳನೇ ಕ್ಲಾಸು ಓದಿದ್ದರೆ ಸಾಕು. ಹನ್ನೆರಡು ದಿನದ ತರಬೇತಿ. ಪ್ರಥಮ ಚಿಕಿತ್ಸೆ, ಪ್ರವಾಹ, ಬೆಂಕಿ, ಹಗ್ಗ, ಹುಡುಕಾಟ ಎಲ್ಲದರ ರುಚಿ ತೋರಿಸುತ್ತಾರೆ. ಲೈಫ್ ಜಾಕೆಟ್, ಹೆಲ್ಮೆಟ್, ಗಮ್ ಬೂಟು, ಸೀಟಿ ಎಲ್ಲ ಇರುವ ಕಿಟ್ ಕೊಡುತ್ತಾರೆ, ವಿಮೆಯೂ ಇದೆ. ಇದರ ದೊಡ್ಡ ಲಾಭ ಬೇರೆಯೇ: ಜಿಲ್ಲಾಡಳಿತದ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರುತ್ತದೆ. ಕರೆ ಬಂದಾಗ ‘ನೀನ್ಯಾರು?’ ಅಂತ ಯಾರೂ ಕೇಳುವುದಿಲ್ಲ. ತೊಂದರೆ ಅಂದರೆ ಹನ್ನೆರಡು ದಿನ ರಜೆ. ಕೂಲಿಗೆ ಹೋಗುವವರು, ಆಟೋ ಓಡಿಸುವವರು, ಹಾಲು ಕರೆಯುವ ಹಸು ಇರುವವರು ಅಷ್ಟು ದಿನ ಮನೆ ಬಿಡುವುದು ಕಷ್ಟ. ಸೀಟು ಬಂದಾಗಲೇ ಸೇರಬೇಕು ಅನ್ನುವುದೂ ಇದೆ. ಎನ್‌ಸಿಸಿ, ಎನ್‌ಎಸ್‌ಎಸ್, ಸ್ಕೌಟ್ಸ್‌ನಲ್ಲಿರುವ ಕಾಲೇಜು ಮಕ್ಕಳಿಗೆ ಯುವ ಆಪದ ಮಿತ್ರ ಅಂತ ಏಳು ದಿನದ ತರಬೇತಿ ಬಂದಿದೆ.

ಗೃಹರಕ್ಷಕ ದಳ, ಪೌರ ರಕ್ಷಣಾ ದಳ. ಶಿಸ್ತು ಚೆನ್ನಾಗಿ ಬರುತ್ತದೆ. ಹಗ್ಗದ ಗಂಟು, ಗಾಯಾಳು ಹೊರುವ ಬಗೆಗಳು, ಬೆಂಕಿ ಆರಿಸುವುದು ಕಲಿಯಬಹುದು. ಆದರೆ ಗೃಹರಕ್ಷಕರಿಗೆ ಜಾತ್ರೆ, ಚುನಾವಣೆ, ಬಂದೋಬಸ್ತು ಕೆಲಸವೇ ಮುಖ್ಯ. ಬೆಟ್ಟದ ತಂಡ ಕಟ್ಟಬೇಕು ಅನ್ನುವವರಿಗೆ ಇದು ಸುತ್ತುಬಳಸಿನ ದಾರಿ.

ಪರ್ವತಾರೋಹಣ ಕೋರ್ಸು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಸಂಸ್ಥೆ, ಇಲ್ಲೆಲ್ಲ ಮೊದಲ ಕೋರ್ಸೇ 28 ದಿನ. ಉತ್ತರಕಾಶಿಯಲ್ಲಿ ಹುಡುಕಾಟ ಮತ್ತು ರಕ್ಷಣೆಯ ಕೋರ್ಸೂ ಇದೆ. ಅದಕ್ಕೆ ಸೇರಲು ಮುಂದಿನ ಹಂತದ ಕೋರ್ಸನ್ನೂ ಮುಗಿಸಿರಬೇಕು. ಕಲಿಕೆ ಅದ್ಭುತ, ಆದರೆ ಅರ್ಧ ಭಾಗ ಹಿಮದ ಮೇಲಿನದು. ಮಧುಗಿರಿಯಲ್ಲಿ ಹಿಮಗೊಡಲಿ ಹಿಡಿದು ಏನು ಮಾಡೋದು? ನಮ್ಮ ಬಂಡೆಗೆ ಹತ್ತಿರದ ದಾರಿ ಅಂದರೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಬಂಡೆ ಹತ್ತುವ ತರಬೇತಿ. ಇಪ್ಪತ್ತು ಜನರ ತಂಡದಲ್ಲಿ ಇಬ್ಬರು ಮೂವರು ಇದನ್ನು ಮಾಡಿ ಬಂದರೆ ಸಾಕು.

ಬರೀ ಪ್ರಥಮ ಚಿಕಿತ್ಸೆ. ಸೇಂಟ್ ಜಾನ್ ಆಂಬುಲೆನ್ಸ್, ರೆಡ್ ಕ್ರಾಸ್ ಕಡೆಯಿಂದ ಸಿಗುತ್ತದೆ. ಖರ್ಚು ಕಡಿಮೆ, ದಿನಗಳೂ ಕಡಿಮೆ. ರಕ್ಷಣಾ ತಂಡಕ್ಕೆ ಇದೊಂದೇ ಸಾಲದು, ಆದರೆ ಇದಿಲ್ಲದೆ ಬೇರೆ ಏನಿದ್ದರೂ ಪ್ರಯೋಜನ ಇಲ್ಲ.

ಹೊರದೇಶದ ಮಾನದಂಡ. ನಮ್ಮ ಬೆಂಗಳೂರಿನ ಸ್ನೇಹಿತರು ಇದಕ್ಕೇ ಅಂಟಿಕೊಂಡಿದ್ದರು. ನೆಲದ ಮೇಲೆ ಹುಡುಕುವ ತಂಡದ ಸದಸ್ಯನಿಗೆ ಏನೇನು ಗೊತ್ತಿರಬೇಕು ಅಂತ ಅಮೆರಿಕದ ಎಎಸ್‌ಟಿಎಂ ಸಂಸ್ಥೆ ಎಫ್ 2209 ಅನ್ನುವ ಪಟ್ಟಿ ಮಾಡಿದೆ. ಅಲ್ಲಿನ ಎನ್‌ಎಫ್‌ಪಿಎ ಅನ್ನುವ ಇನ್ನೊಂದು ಸಂಸ್ಥೆ ರಕ್ಷಣಾ ಕೆಲಸವನ್ನು ಮೂರು ಹಂತ ಮಾಡುತ್ತದೆ: ಅಪಾಯ ಗುರುತಿಸಿ ಸಹಾಯ ಕರೆಯುವವರು, ಕೈಜೋಡಿಸುವವರು, ತಜ್ಞರು. ಸಿಇಆರ್‌ಟಿ ಮೂಲ ತರಬೇತಿ ಸುಮಾರು 20 ಗಂಟೆಯದು. ಬ್ರಿಟನ್ನಿನ ಬೆಟ್ಟದ ರಕ್ಷಣಾ ತಂಡಗಳಲ್ಲಿ ಬಹುತೇಕ ಎಲ್ಲರೂ ಸಂಬಳವಿಲ್ಲದವರೇ. ಹೊಸಬರನ್ನು ತಿಂಗಳುಗಟ್ಟಲೆ ಜೊತೆಗಿಟ್ಟುಕೊಂಡು ನೋಡಿ ಆಮೇಲೆ ಪೂರ್ತಿ ಸೇರಿಸಿಕೊಳ್ಳುತ್ತಾರೆ. ಈ ಸರ್ಟಿಫಿಕೇಟುಗಳನ್ನು ದುಡ್ಡು ಕೊಟ್ಟು ತರುವುದು ನನ್ನ ಲೆಕ್ಕದಲ್ಲಿ ದಂಡ. ಪರೀಕ್ಷೆ ಇಂಗ್ಲಿಷಿನಲ್ಲಿ, ಉದಾಹರಣೆ ಹಿಮಪಾತದ್ದು. ಆದರೆ ಅವರ ಯೋಚನೆಯನ್ನು ಕದಿಯಲು ದುಡ್ಡು ಬೇಕಿಲ್ಲ! ಮೂರು ಹಂತ ಮತ್ತು ಕಾದು ನೋಡುವ ಕ್ರಮ, ಇವೆರಡನ್ನು ನಾವು ಕಣ್ಣು ಮುಚ್ಚಿ ತೆಗೆದುಕೊಂಡೆವು.

ಕೊನೆಯದು, ನಮ್ಮದೇ ಪಟ್ಟಿ. ಭಾನುವಾರಗಳಲ್ಲಿ ಕಲಿಸಿ, ಕೈಯಲ್ಲಿ ಮಾಡಿಸಿ ನೋಡಿ, ಪಾಸು ಮಾಡುವುದು. ನಾವು ಆರಿಸಿದ್ದು ಇದನ್ನೇ. ಇದರ ಅಪಾಯವನ್ನೂ ಹೇಳಬೇಕು. ನಮ್ಮವರನ್ನು ನಾವೇ ಪಾಸು ಮಾಡಿದರೆ ಭಾಮೈದನೂ ಪಾಸಾಗುತ್ತಾನೆ. ಅದಕ್ಕೆ ಪರೀಕ್ಷೆಯ ದಿನ ಹೊರಗಿನವರೊಬ್ಬರು ಬೇಕು. ಅಗ್ನಿಶಾಮಕ ಠಾಣೆಯವರನ್ನು ಕೇಳಿ.

ದಿನ ಎಣಿಸುವುದೋ, ಕೆಲಸ ನೋಡುವುದೋ?

‘ಹನ್ನೆರಡು ದಿನ ಮುಗಿಸಿದವನು’ ಅನ್ನುವುದು ಒಂದು ಅಳತೆ. ‘ಕತ್ತಲಲ್ಲಿ ಹತ್ತು ನಿಮಿಷದೊಳಗೆ ಸ್ಟ್ರೆಚರ್ ಕಟ್ಟಿದವನು’ ಅನ್ನುವುದು ಇನ್ನೊಂದು. ನನ್ನ ಓಟು ಎರಡನೆಯದಕ್ಕೆ. ನಮ್ಮ ತಂಡದಲ್ಲಿ ಬೋರ್‌ವೆಲ್ ಮೋಟರ್ ಎತ್ತುವ ಒಬ್ಬ ಅಣ್ಣ ಇದ್ದಾನೆ. ಮುಕ್ಕಾಲಿ, ಚೈನ್ ಬ್ಲಾಕು, ರಾಟೆ ಎಲ್ಲ ಅವನಿಗೆ ಆಟದ ಸಾಮಾನು. ಅವನನ್ನು ಹಗ್ಗದ ಮೊದಲ ಕ್ಲಾಸಿನಲ್ಲಿ ಮಗುವಿನಂತೆ ಕೂರಿಸುವುದು ಅವಮಾನ, ಅಲ್ವಾ? ಕುರಿ ಕಾಯುವ ತಾತನಿಗೆ ದಿಕ್ಕು ಕಲಿಸುವವರು ಯಾರು? ಕೆಲಸ ನೋಡಿ ಪಾಸು ಮಾಡಿದರೆ ಇಂಥವರು ಬೇಗ ಒಳಗೆ ಬರುತ್ತಾರೆ. ಓದು ಬರೆಯುವುದು ಅಷ್ಟಾಗಿ ಬಾರದವರಿಗೂ ಜಾಗ ಸಿಗುತ್ತದೆ.

ಹಾಗಂತ ಗೊತ್ತಿರುವುದೆಲ್ಲ ಸರಿ ಅಂತಲ್ಲ. ಅದೇ ಅಣ್ಣ ಮೋಟರ್ ಇಳಿಸುವ ನೈಲಾನ್ ಹಗ್ಗದಲ್ಲೇ ಮನುಷ್ಯನನ್ನೂ ಇಳಿಸಬಹುದು ಅಂದುಕೊಂಡಿದ್ದ. ಮೋಟರ್ ಬಿದ್ದರೆ ದುಡ್ಡು ಹೋಗುತ್ತದೆ. ಮನುಷ್ಯನಿಗೆ ಬೇಕಾದ್ದು ಒಳಗೆ ಎಳೆ, ಹೊರಗೆ ಹೊದಿಕೆ ಇರುವ, ಹೆಚ್ಚು ಹಿಗ್ಗದ ಹಗ್ಗ. ಅದರ ಮೇಲೆ ಇಎನ್ 1891 ಅಂತ ಗುರುತು ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸಿಗುವುದಿಲ್ಲ.

ಒಂದನೇ ಹಂತ: ಎಲ್ಲರಿಗೂ ಬೇಕಾದ್ದು

ನನ್ನ ಪ್ರಕಾರ ಇಡೀ ತಂಡ ನಿಲ್ಲುವುದು ಇದರ ಮೇಲೆ. ಯಾಕೆ ಅಂತ ಒಂದು ಲೆಕ್ಕ ಕೇಳಿ. ಗಾಯಾಳು ಮಲಗಿರುವ ಸ್ಟ್ರೆಚರನ್ನು ಕಲ್ಲುದಾರಿಯಲ್ಲಿ ಹೊರಲು ಒಂದು ಸಲಕ್ಕೆ ಆರು ಜನ ಬೇಕು. ಹತ್ತು ಹದಿನೈದು ನಿಮಿಷಕ್ಕೆ ತೋಳು ಸೋಲುತ್ತದೆ. ಮೂರು ಗುಂಪು ಬದಲಾಗುತ್ತಾ ಹೊರಬೇಕು ಅಂದರೆ ಹದಿನೆಂಟು ಜನ. ಹಗ್ಗದಲ್ಲಿ ನೇತಾಡುವ ಒಬ್ಬ ವೀರನಿಗಿಂತ ಹೆಜ್ಜೆ ಕೂಡಿಸಿ ನಡೆಯುವ ಹದಿನೆಂಟು ಸಾಮಾನ್ಯರು ಸಿಗುವುದೇ ಕಷ್ಟ.

ಹುಡುಕಾಟದ್ದೂ ಒಂದು ಲೆಕ್ಕ ಇದೆ. ದಾರಿ ತಪ್ಪಿದವರು ಗಂಟೆಗೆ ಮೂರು ಕಿಲೋಮೀಟರ್ ನಡೆದರೂ, ಒಂದು ಗಂಟೆಯಲ್ಲಿ ಅವರು ಇರಬಹುದಾದ ಜಾಗ 28 ಚದರ ಕಿಲೋಮೀಟರ್. ಎರಡು ಗಂಟೆ ಆದರೆ 113. ಅಂದರೆ ಮೊದಲ ಅರ್ಧ ಗಂಟೆಯಲ್ಲಿ ಕೇಳುವ ಪ್ರಶ್ನೆಗಳೇ ಕಾಲಿಗಿಂತ ದೊಡ್ಡವು. ಕೊನೆಯದಾಗಿ ಎಲ್ಲಿ ಕಂಡರು? ಯಾವ ಬಣ್ಣದ ಬಟ್ಟೆ? ಸಕ್ಕರೆ ಕಾಯಿಲೆ ಇದೆಯೇ? ಯಾವ ಭಾಷೆಯಲ್ಲಿ ಕೂಗಿದರೆ ಓಗೊಡುತ್ತಾರೆ? ನಗಬೇಡಿ. ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಯರಿಗೆ ತೆಲುಗೇ ಬಾಯಿಗೆ ಬರುವುದು. ಬ್ರಹ್ಮಗಿರಿಯ ಹುಡುಗ ಫೋನಿನಿಂದ ತಾನಿದ್ದ ಜಾಗವನ್ನೇ ಕಳಿಸಿದ್ದ. ಅದರಿಂದ ಎಷ್ಟು ಗಂಟೆ ಉಳಿಯಿತು ಯೋಚಿಸಿ.

ನಮ್ಮ ಒಂದನೇ ಹಂತದಲ್ಲಿ ಇರುವುದು ಇಷ್ಟು. ಹೋಗುವಾಗ, ಬಂದಾಗ ಹೆಸರು, ಹೊತ್ತು ಬರೆಸುವುದು. ಒಬ್ಬರೇ ಎಲ್ಲೂ ಹೋಗದಿರುವುದು. 112, 108, ಅಗ್ನಿಶಾಮಕದ 101, ಇವಕ್ಕೆ ಕರೆ ಮಾಡಿ ಒಂದು ನಿಮಿಷದಲ್ಲಿ ಜಾಗ ವಿವರಿಸುವುದು. ಸಾಲಾಗಿ ನಿಂತು ಹುಡುಕುವುದು. ಸಿಕ್ಕ ಚಪ್ಪಲಿ, ಬ್ಯಾಗು ಮುಟ್ಟದೆ ಗುರುತು ಮಾಡುವುದು. ಸತ್ತವರು ಕಂಡರೆ ಪೊಲೀಸರು ಬಂದು ಮಹಜರು ಆಗುವ ತನಕ ದೂರ ನಿಲ್ಲುವುದು, ಫೋಟೋ ತೆಗೆಯದಿರುವುದು. ಈ ಕೊನೆಯದನ್ನು ಮೀರಿದವನನ್ನು ನಾವು ಅದೇ ದಿನ ತಂಡದಿಂದ ಬಿಡುತ್ತೇವೆ.

ಪ್ರಥಮ ಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸುವುದು, ಮುರಿದ ಕೈಕಾಲು ಅಲುಗದಂತೆ ಕಟ್ಟುವುದು, ಬಿಸಿಲಿನ ಹೊಡೆತ, ಹಾವು ಕಚ್ಚಿದ್ದು, ಉಸಿರು, ಎದೆಬಡಿತ ನಿಂತವರ ಎದೆ ಒತ್ತುವುದು (ಸಿಪಿಆರ್). ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳ. ಮುಳುಗಿದವರಿಗೆ ಮೊದಲು ಬಾಯಿಂದ ಉಸಿರು. ಇಲ್ಲಿ ಕಲಿಸುವುದಕ್ಕಿಂತ ಬಿಡಿಸುವ ಕೆಲಸವೇ ಜಾಸ್ತಿ. ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಹಾವು ಕಚ್ಚಿದ ಕಡೆ ಕುಯ್ಯುವುದು, ಎಲ್ಲ ಬಿಡಬೇಕು. ಮುಳುಗಿದ ಮಕ್ಕಳನ್ನು ಉಪ್ಪಿನ ರಾಶಿಯಲ್ಲಿ ಹೂತರೆ ಬದುಕುತ್ತಾರೆ ಅಂತ ವಾಟ್ಸಾಪ್ ನಂಬಿ ಮಾಡಿದ್ದು ನಮ್ಮ ರಾಜ್ಯದಲ್ಲೇ ನಡೆದಿದೆ. ಆ ತಾಯಿತಂದೆಯರನ್ನು ಬೈಯುವ ಮನಸ್ಸಾಗುವುದಿಲ್ಲ. ಪಕ್ಕದಲ್ಲಿ ಗೊತ್ತಿದ್ದವರು ಯಾರೂ ಇರಲಿಲ್ಲ.

ಹೆಜ್ಜೇನಿಗೆ ಒಂದು ಇಡೀ ಗಂಟೆ ಕೊಡಿ. ಯಾವ ಹೊರದೇಶದ ಪಟ್ಟಿಯಲ್ಲೂ ಇದಕ್ಕೆ ಅಷ್ಟು ಜಾಗ ಸಿಗದು. ರಾತ್ರಿ ಎದ್ದ ಹುಳ ಟಾರ್ಚಿನ ಬೆಳಕಿಗೇ ಬರುತ್ತದೆ. ಹೊಗೆ, ಕೂಗಾಟ, ಗಮಗಮ ಸೆಂಟು ಯಾವುದೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ದೂರ ಹೋಗುವುದೊಂದೇ ದಾರಿ, ಆದರೆ ಬಂಡೆಯ ಮೇಲೆ ಓಡಿದರೆ ಬೀಳುತ್ತೀರಿ. ಅದಕ್ಕೆ ಗೂಡು ಎಲ್ಲಿದೆ ಅಂತ ಮೊದಲೇ ನಕ್ಷೆಯಲ್ಲಿ ಗುರುತು ಮಾಡಿ.

ಇದೆಲ್ಲ ನಾಲ್ಕು ಭಾನುವಾರ, ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಸುಮಾರು ಸಿಇಆರ್‌ಟಿಯಷ್ಟೇ ಗಂಟೆ.

ಎರಡು, ಮೂರನೇ ಹಂತ

ಎರಡನೇ ಹಂತದಲ್ಲಿ ನಿಮ್ಮ ತಾಲ್ಲೂಕಿಗೆ ತಕ್ಕಂತೆ ನೀರು ಅಥವಾ ಬಂಡೆ ಆರಿಸಿ. ಎರಡನ್ನೂ ಒಬ್ಬನ ತಲೆಗೆ ತುಂಬಬೇಡಿ.

ನೀರಿನವರು ಕಲಿಯುವ ಕ್ರಮ ಹಳೆಯದು: ಮೊದಲು ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಆಮೇಲೆ ತೆಪ್ಪ, ಕೊನೆಗೆ ನೀರಿಗಿಳಿ. ಚೆನ್ನಾಗಿ ಈಜುವವರೇ ಇದನ್ನು ತಲೆಕೆಳಗು ಮಾಡುವುದು. ನಮ್ಮ ಪರೀಕ್ಷೆಯಲ್ಲಿ ಹದಿನೈದು ಮೀಟರ್ ದೂರಕ್ಕೆ ಮೂರು ಸಲ ಹಗ್ಗ ಎಸೆದರೆ ಎರಡು ಸಲ ಕೈಗೆ ಸಿಗಬೇಕು. ಕೃಷಿ ಹೊಂಡಕ್ಕೆ ಇನ್ನೂ ಸುಲಭದ ಉಪಾಯ ಇದೆ. ಟ್ಯೂಬಿಗೆ ಹಗ್ಗ ಕಟ್ಟಿ ಹೊಂಡದ ಬೇಲಿಗೆ ನೇತುಹಾಕಲು ರೈತರನ್ನು ಒಪ್ಪಿಸುವುದು. ಅದು ತರಬೇತಿ ಅಲ್ಲ, ಮನೆಮನೆ ತಿರುಗುವ ಕೆಲಸ. ಅದನ್ನೂ ಪಟ್ಟಿಗೆ ಸೇರಿಸಿದ್ದೇವೆ. ಕುಣಿಗಲ್ ಕಡೆಯವರು ಮಾರ್ಕೋನಹಳ್ಳಿ ಅಣೆಕಟ್ಟೆಯ ಸೈಫನ್ ಬಗ್ಗೆ ತಿಳಿದಿರಲೇಬೇಕು. ನೀರು ಒಂದು ಮಟ್ಟ ಮುಟ್ಟಿದರೆ ಅದು ಯಾರನ್ನೂ ಕೇಳದೆ ತಾನೇ ಹರಿಯುತ್ತದೆ.

ಬಂಡೆಯವರಿಗೆ ಹಾರ್ನೆಸ್ (ಸೊಂಟ, ತೊಡೆಗೆ ಬಿಗಿಯುವ ಪಟ್ಟಿ) ಹಾಕುವುದು, ಎಂಟರ ಗಂಟು, ಆಧಾರ ಕಟ್ಟುವುದು, ಕಡಿದಲ್ಲದ ಇಳಿಜಾರಿನಲ್ಲಿ ಸ್ಟ್ರೆಚರಿಗೆ ಹಗ್ಗದ ಹಿಡಿತ ಕೊಡುವುದು. ಕಡಿದಾದ ಗೋಡೆಯಲ್ಲಿ ನೇತಾಡುವುದು ಮೂರನೇ ಹಂತ. ಅದನ್ನು ನಾವು ಇಟ್ಟುಕೊಂಡೇ ಇಲ್ಲ. ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್ ಅಂದರೆ ರಾಜ್ಯದ, ಕೇಂದ್ರದ ವಿಪತ್ತು ಪಡೆಗಳು ಬರುವ ತನಕ ಗಾಯಾಳು ಜೊತೆ ಮಾತಾಡುತ್ತಾ ಇರುತ್ತೇವೆ. ಬೋರ್‌ವೆಲ್ ಕೊಳವೆಗೆ ಮಗು ಬಿದ್ದರೂ ಅಷ್ಟೆ. ಸುತ್ತ ಜನ, ಗಾಡಿ ನಿಂತು ಮಣ್ಣು ಕುಸಿಯದಂತೆ ನೋಡಿಕೊಳ್ಳುವುದು ನಮ್ಮ ಪಾಲು. ಜೆಸಿಬಿ ತರಿಸಿ ನಾವೇ ಅಗೆಯುವುದಲ್ಲ.

ಮರೆಯಬಾರದ ಕೆಲವು

ಪಾಸಾಗಿದ್ದು ಎಷ್ಟು ದಿನ ನಡೆಯುತ್ತದೆ? ಸೇಂಟ್ ಜಾನ್ ಸರ್ಟಿಫಿಕೇಟು ಮೂರು ವರ್ಷ. ಆದರೆ ಎದೆ ಒತ್ತುವ ಕೈ ಕೆಲವೇ ತಿಂಗಳಲ್ಲಿ ಮರೆಯುತ್ತದೆ. ನಾವು ಆರು ತಿಂಗಳಿಗೊಮ್ಮೆ ಮತ್ತೆ ಮಾಡಿಸುತ್ತೇವೆ. ತಪ್ಪಿಸಿಕೊಂಡವರು ಮೇಲೆ ಹೋಗುವಂತಿಲ್ಲ, ಕೆಳಗೆ ಟೀ ಕಾಯಿಸಬಹುದು.

ಹೆಣ್ಣುಮಕ್ಕಳು ಬೇಕೇಬೇಕು. ಗಾಬರಿಯಾದ ಹುಡುಗಿಯನ್ನೋ ಅಜ್ಜಿಯನ್ನೋ ಮುಟ್ಟಿ ನೋಡಬೇಕಾದಾಗ ಏಳು ಜನ ಗಂಡಸರು ಮುಖ ಮುಖ ನೋಡಿಕೊಂಡು ನಿಂತ ಅನುಭವ ನಮಗಿದೆ. ವಯಸ್ಸಿನ ಮಿತಿ ಒಂದನೇ ಹಂತಕ್ಕೆ ಇಡಬೇಡಿ. ಹೆಸರು ಬರೆಯುವ ಮೇಜಿಗೆ ನಿವೃತ್ತ ಮೇಷ್ಟ್ರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಆದರೆ ಹದಿನೆಂಟಾಗದವರು ಬೇಡ. ವಿಮೆ ಇಲ್ಲದೆ ಎರಡನೇ ಹಂತದ ಅಭ್ಯಾಸಕ್ಕೂ ಇಳಿಯಬೇಡಿ.

ಹಾಗಾದರೆ ಯಾರು ಯಾವುದನ್ನು ಆರಿಸಬೇಕು? ಕಾಲೇಜಿನಲ್ಲಿದ್ದು ರಜೆ ಸಿಗುವುದಾದರೆ ಆಪದ ಮಿತ್ರ, ಕಣ್ಣು ಮುಚ್ಚಿ ಹೋಗಿ. ದುಡಿಯುವವರೇ ಇರುವ ಊರಿನ ತಂಡಕ್ಕೆ ಭಾನುವಾರದ ಪಟ್ಟಿ, ಜೊತೆಗೆ ಇಬ್ಬರನ್ನಾದರೂ ಆಪದ ಮಿತ್ರಕ್ಕೆ ಕಳಿಸಿ. ಬೆಟ್ಟ ಇರುವ ತಾಲ್ಲೂಕಾದರೆ ಮೂವರಿಗೆ ಬಂಡೆ ತರಬೇತಿ. ತಿಪಟೂರು, ತುರುವೇಕೆರೆ ಕಡೆ ಬಯಲು ಸೀಮೆ. ಅಲ್ಲಿ ಕೆರೆ, ಬಾವಿಯೇ ಮೊದಲು. ಅಲ್ಲಿನ ತೆಂಗಿನ ಮರ ಹತ್ತುವವರನ್ನು ಬಿಡಬೇಡಿ, ಎತ್ತರಕ್ಕೆ ಹೆದರದ ಕಾಲು ಅವರದು. ಇನ್ನೂ ಏನೂ ಇಲ್ಲದ ಊರಾದರೆ ಒಂದು ದಿನದ ಪ್ರಥಮ ಚಿಕಿತ್ಸೆ ಮತ್ತು ಒಂದು ನೋಟ್ ಬುಕ್ಕಿನಿಂದ ಶುರು ಮಾಡಿ. ಯಾವುದೇ ಆದರೂ ಮೊದಲು ತಹಶೀಲ್ದಾರ್ ಕಚೇರಿ, ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ ಮೂರಕ್ಕೂ ನಿಮ್ಮ ಹೆಸರಿನ ಪಟ್ಟಿ ಕೊಡಿ. ಕಾಡಿದ್ದರೆ ಅರಣ್ಯದವರಿಗೂ ಕೊಡಿ.

ಹೋದ ಸಲ ನಮ್ಮ ಒಂದನೇ ಹಂತಕ್ಕೆ ಇಪ್ಪತ್ತಾರು ಜನ ಬಂದಿದ್ದರು. ಹತ್ತೊಂಬತ್ತು ಜನ ಪಾಸು. ಫೇಲಾದವರಲ್ಲಿ ನಮ್ಮಲ್ಲೇ ಎಲ್ಲರಿಗಿಂತ ಚೆನ್ನಾಗಿ ಬಂಡೆ ಹತ್ತುವ ಹುಡುಗನೂ ಇದ್ದ. ರಾತ್ರಿ ಅಭ್ಯಾಸ ಮುಗಿಸಿ ನೇರ ಮನೆಗೆ ಹೋಗಿ ಮಲಗಿದ್ದ, ಮೇಜಿನ ಹತ್ತಿರ ಬಂದು ಹೆಸರು ಹೊಡೆಸಿರಲಿಲ್ಲ. ಅವನಿಗಾಗಿ ಹನ್ನೊಂದು ಜನ ಒಂದು ಗಂಟೆ ಹುಡುಕಿದೆವು. ಒಂದು ವಾರ ಮಾತು ಬಿಟ್ಟಿದ್ದ. ಈಗ ಮುಂದಿನ ತಿಂಗಳ ಪರೀಕ್ಷೆಗೆ ಬರುತ್ತಾನಂತೆ. ಪೆನ್ನು ತಾನೇ ತರುತ್ತಾನಂತೆ.